ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮೊದಲು

ಎಲ್ಲರಿಗೂ ನಮಸ್ಕಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಸೌಲಭ್ಯ ಇಲ್ಲದ ಹಳೆ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಹಾಗಂತ ಚೆನ್ನಾಗಿರುವ ಲ್ಯಾಪ್‌ಟಾಪ್ ಸುಮ್ನೆ ಎಸೆಯಬೇಡಿ, ದಯವಿಟ್ಟು. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ ನೋಡಿ. 4 ಜಿಬಿ ರ‍್ಯಾಮ್ ಸಾಕು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಕೀ ಬೇಕಿಲ್ಲ. ಅಪ್‌ಡೇಟ್ ಯಾವಾಗ ಹಾಕಬೇಕು ಅನ್ನೋದು ನಿಮ್ಮ ಕೈಯಲ್ಲೇ ಇರುತ್ತದೆ. ನನಗೆ ಇದೇ ಜಾಸ್ತಿ ಇಷ್ಟ. ಕೋಡ್ ಒಳಗೆ ಏನಿದೆ ಅಂತ ಯಾರು ಬೇಕಾದರೂ ನೋಡಬಹುದು.

ಮೊದಲೇ ಇನ್‌ಸ್ಟಾಲ್ ಮಾಡಬೇಕಿಲ್ಲ. ಮಿಂಟ್ ಹಾಕಿದ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈ-ಫೈ, ಸೌಂಡ್, ಪ್ರಿಂಟರ್ ಪರೀಕ್ಷಿಸಿ. ಕನ್ನಡಕ್ಕೆ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದಲ್ಲಿ ಕೆಜಿಪಿ ಕೀಲಿಮಣೆ ವಿನ್ಯಾಸ ಇದೆ, ನುಡಿ ಬಳಸಿದವರಿಗೆ ಕೈ ಒಗ್ಗಿದ್ದೇ ಅಲ್ವಾ? ಫೋಟೋಶಾಪ್ ಇಲ್ಲದೆ ಆಗಲ್ಲ ಅನ್ನುವವರು ಮಾತ್ರ ಸ್ವಲ್ಪ ಯೋಚಿಸಿ.

ಪೆನ್‌ಡ್ರೈವ್ ಬೇಕಾದವರು ಇಲ್ಲೇ ತಿಳಿಸಿ, ಮಾಡಿಕೊಡುತ್ತೇನೆ. ಇನ್‌ಸ್ಟಾಲ್ ಮಾಡುವ ಮುಂಚೆ ಫೈಲ್‌ಗಳ ಬ್ಯಾಕಪ್ ತೆಗೆದಿಡಿ.