ಗೋಡೆ ಪತ್ರಿಕೆಯ ಬಿಷಪ್ಪರು ಮತ್ತು ನಮ್ಮ ಕಬ್ಬಿನ ಸೀಸನ್

ಪೋಷಕರಿಗೆಲ್ಲ ನಮಸ್ಕಾರ.

ಕಳೆದ ವಾರ ನನ್ನ ಹತ್ತಿರ ಎರಡು ಮಾತು ಬಂದವು. ಒಂದು, ಏಳನೇ ತರಗತಿಯ ಹುಡುಗನ ಡೈರಿಯಲ್ಲಿ ಅವರಪ್ಪ ಬರೆದು ಕಳಿಸಿದ್ದು: "ಮೇಡಂ, ಗುಡಾರದ ಮಕ್ಕಳನ್ನ ನಮ್ಮ ಹುಡುಗನ ಪಕ್ಕ ಕೂರಿಸಬೇಡಿ." ಗುಡಾರದ ಮಕ್ಕಳು ಅಂದರೆ ಕಬ್ಬು ಕಡಿಯೋಕೆ ಬೇರೆ ಊರುಗಳಿಂದ ಬಂದು ಇಲ್ಲಿ ಗುಡಾರ ಹಾಕಿಕೊಂಡವರ ಮಕ್ಕಳು. ಇನ್ನೊಂದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಮುಗಿಸಿ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಬ್ಬರು ಕೇಳಿದ್ದು: "ಸರ್ಕಾರಿ ಶಾಲೆ ಗೋಡೆ ಮೇಲೆ ಪಾದ್ರಿ ಚಿತ್ರ ಯಾಕೆ ಮೇಡಂ?" ಎರಡಕ್ಕೂ ಒಟ್ಟಿಗೇ ಉತ್ತರ ಹೇಳಬೇಕು ಅನ್ನಿಸಿತು. ಪತ್ರ ಉದ್ದ ಇದೆ. ರಾತ್ರಿ ಊಟ ಆದಮೇಲೆ ಮಕ್ಕಳ ಕೈಲಿ ಓದಿಸಿ ಕೇಳಿ, ಅವರ ಓದೂ ಎಷ್ಟಿದೆ ಅಂತ ಗೊತ್ತಾಗುತ್ತೆ.

ಮೊದಲು ಆ ಚಿತ್ರದ ವಿಷಯ. ಎಂಟನೇ ತರಗತಿಯವರು ಈ ತಿಂಗಳ ಗೋಡೆ ಪತ್ರಿಕೆಗೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರ ಪಟ್ಟಿ ಮಾಡುತ್ತಿದ್ದರು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ, ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರಿಗೆ 1984ರಲ್ಲಿ ಬಂದ ಪ್ರಶಸ್ತಿ ಅದು. ಕೊಡುವವರು ಫಿಲಿಪ್ಪೀನ್ಸ್ ದೇಶದವರು. ಪಟ್ಟಿ ಕೆಳಕ್ಕೆ ಓದುತ್ತಿದ್ದ ಹುಡುಗಿಯೊಬ್ಬಳು 1973ರ ಹತ್ತಿರ ನಿಂತು "ಮಿಸ್, ಇಲ್ಲೂ ಕಬ್ಬು ಅಂತ ಇದೆ" ಅಂದಳು. ಮಂಡ್ಯ ಜಿಲ್ಲೆಯ ಮಕ್ಕಳು ನೋಡಿ, ಕಬ್ಬು ಅಂದರೆ ಕಣ್ಣು ಅಲ್ಲಿಗೇ ಹೋಗುತ್ತೆ. ಹಾಗೆ ಸಿಕ್ಕವರು ಬಿಷಪ್ ಆಂಟೋನಿಯೊ ಫೋರ್ಟಿಚ್. ಬಿಷಪ್ ಅಂದರೆ ಒಂದು ಪ್ರಾಂತ್ಯದ ಚರ್ಚುಗಳಿಗೆಲ್ಲ ಹಿರಿಯ ಗುರು. ಮಕ್ಕಳು ಬರೆದ ಚಿತ್ರದಲ್ಲಿ ಅವರ ಟೋಪಿ ಗಾಂಧಿ ಟೋಪಿ ಥರ ಬಂದಿದೆ. ನಾನು ತಿದ್ದೋಕೆ ಹೋಗಲಿಲ್ಲ.

ಫಿಲಿಪ್ಪೀನ್ಸ್ ಅಂದರೆ ಸಮುದ್ರದ ನಡುವೆ ಚೆಲ್ಲಿದ ಸಾವಿರಾರು ದ್ವೀಪಗಳು. ಅದರಲ್ಲಿ ನೆಗ್ರೋಸ್ ಅನ್ನೋದು ಒಂದು ದೊಡ್ಡ ದ್ವೀಪ. ಅದರ ಪಶ್ಚಿಮ ಭಾಗದ ಮುಖ್ಯ ಊರು ಬಾಕೊಲೋಡ್. ಆ ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರೋದು ಅಲ್ಲಿಂದ. ನಮ್ಮಲ್ಲಿ ಎರಡೆಕರೆ, ಮೂರೆಕರೆ ಇರುವವರೂ ಕಬ್ಬು ಹಾಕುತ್ತೇವೆ. ಅಲ್ಲಿ ಹಾಗಲ್ಲ. ನೂರಾರು ಎಕರೆಯ ತೋಟಗಳು, ಒಂದೊಂದಕ್ಕೂ ಒಂದು ಮನೆತನ. ಅದಕ್ಕೆ ಹಸಿಯೆಂದಾ ಅಂತಾರೆ. ದುಡಿಯುವವರು ಆ ತೋಟದೊಳಗೇ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಸಾಯುತ್ತಿದ್ದರು. ಕಾಲ ಕೆಳಗಿನ ಒಂದು ಗೇಣು ನೆಲವೂ ಅವರದ್ದಲ್ಲ.

ಕಟಾವಿಗೆ ಆಳು ಸಾಲದೆ ಬಂದಾಗ ಪಕ್ಕದ ಪನಾಯ್ ದ್ವೀಪದಿಂದ ಜನ ಬರುತ್ತಿದ್ದರು. ಅವರಿಗೆ ಸಕಾಡಾ ಅಂತ ಹೆಸರು. ಅವರನ್ನು ಕರೆತರುವವನು ಕಾಂಟ್ರಾತಿಸ್ತಾ. ನಮ್ಮ ಕಡೆ ಮೇಸ್ತ್ರಿ ಅಂತೀವಲ್ಲ, ಅವನೇ. ಮುಂಗಡ ಕೊಟ್ಟು ಹಡಗು ಹತ್ತಿಸೋನು. ಮುಂಗಡ ತೀರೋದರೊಳಗೆ ಸೀಸನ್ನೇ ಮುಗಿದಿರುತ್ತಿತ್ತು. ಸಕಾಡಾಗಳ ಕೆಲಸ ಹೇಗೆ ಅಂತ ಮಕ್ಕಳು ಕೇಳಿದರು. ಹೇಳೋಕೆ ನನಗೆ ಪುಸ್ತಕ ಬೇಕಾಗಲಿಲ್ಲ, ನಮ್ಮ ಹಿಂದಿನ ಗದ್ದೆ ಕಡೆ ಕೈ ತೋರಿಸಿದೆ. ಬಗ್ಗಿ ಬುಡಕ್ಕೆ ಕತ್ತಿ ಹಾಕೋದು, ತುದಿ ಸವರೋದು, ಕಂತೆ ಕಟ್ಟೋದು. ಆಮೇಲೆ ಆ ಕಂತೆ ಹೆಗಲಿಗೇರಿಸಿ, ಲಾರಿಗೆ ಒರಗಿಸಿದ ಹಲಗೆ ಮೇಲೆ ನಡೆದು ಮೇಲಕ್ಕೆ ಹಾಕೋದು. ಹಲಗೆ ತೂಗುತ್ತೆ. ಕಬ್ಬಿನ ಎಲೆ ಕುತ್ತಿಗೆ ಕೊಯ್ಯುತ್ತೆ.

ಇನ್ನು ಕಟಾವು ಮುಗಿದ ಮೇಲಿನ ತಿಂಗಳುಗಳು. ಗಾಣ ನಿಂತಿರುತ್ತೆ, ಹೊಸ ಕಬ್ಬು ಬೆಳೆಯುತ್ತಿರುತ್ತೆ, ಕೂಲಿ ಇರಲ್ಲ. ಅದಕ್ಕೆ ಅಲ್ಲಿನ ಜನ ತಿಯೆಂಪೊ ಮುಯೆರ್ತೊ ಅಂತಾರೆ. ಸ್ಪ್ಯಾನಿಷ್ ಮಾತು, ಸತ್ತ ಕಾಲ ಅಂತ ಅರ್ಥ. ಕಪ್ಪುಹಲಗೆ ಮೇಲೆ ಇದನ್ನು ಬರೆದ ದಿನ ಹಿಂದಿನ ಬೆಂಚಿನಿಂದ ಬಳ್ಳಾರಿ ಕಡೆಯ ಹುಡುಗ, ಅದೇ ಗುಡಾರದ ಹುಡುಗ, "ನಮ್ಮೂರಲ್ಲಿ ಅದು ಬ್ಯಾಸಗಿ ಮಿಸ್" ಅಂದ. ತರಗತಿ ಸುಮ್ಮನಾಯಿತು.

ಫೋರ್ಟಿಚ್ ಆ ದ್ವೀಪದಲ್ಲೇ 1913ರಲ್ಲಿ ಹುಟ್ಟಿದವರು. 1967ರಲ್ಲಿ ಬಾಕೊಲೋಡಿನ ಬಿಷಪ್ ಆದರು. ಒಂದು ವಿಷಯ ನಾನು ಮಕ್ಕಳಿಗೆ ಒತ್ತಿ ಹೇಳಿದೆ, ನಿಮಗೂ ಹೇಳುತ್ತೇನೆ. ಈ ಮನುಷ್ಯ ಮೊದಲ ದಿನದಿಂದಲೇ ಹೋರಾಟಗಾರ ಅಂತ ತಿಳಿಯಬೇಡಿ. ತೋಟದ ಮಾಲೀಕರ ಮನೆಗಳಲ್ಲಿ ಸಲೀಸಾಗಿ ಓಡಾಡಿಕೊಂಡಿದ್ದವರು. ಚರ್ಚಿಗೆ ದೇಣಿಗೆ ಬರುತ್ತಿದ್ದದ್ದೂ ಅಲ್ಲಿಂದಲೇ. ಅಂಥವರು ನಿಧಾನವಾಗಿ ಆ ಕಡೆಯಿಂದ ಈ ಕಡೆಗೆ ಬಂದರು. ನನಗೆ ಅವರಲ್ಲಿ ಇಷ್ಟವಾದದ್ದು ಇದೇ. ಹುಟ್ಟಾ ಧೀರರ ಕಥೆ ಮಕ್ಕಳಿಗೆ ಸುಮ್ನೆ ಚಪ್ಪಾಳೆ ಹೊಡೆಯೋಕೆ ಚೆನ್ನ. ತಾನು ಕೂತ ಜಾಗದಿಂದ ಎದ್ದು ಬಂದವರ ಕಥೆ ಬೇರೆ, ಅಲ್ವಾ?

ಅವರು ಮಾಡಿದ ಮೊದಲ ದೊಡ್ಡ ಕೆಲಸ ನಮ್ಮ ರೈತರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಕಬಂಕಲಾನ್ ಕಡೆಯ ಡಕೊಂಗ್‌ಕೊಗೊನ್ ಅನ್ನೋ ಕಣಿವೆಯಲ್ಲಿ ಬಡ ಸಣ್ಣ ರೈತರಿದ್ದರು. ಅವರನ್ನು ಸಹಕಾರ ಸಂಘವಾಗಿ ಕಟ್ಟಿ, ರೈತರದ್ದೇ ಒಂದು ಸಕ್ಕರೆ ಕಾರ್ಖಾನೆ ಏಳೋಕೆ ಫೋರ್ಟಿಚ್ ಮತ್ತು ಬೆಂಜಮಿನ್ ಗಾಸ್ಟನ್ ಅನ್ನೋರು ಬೆನ್ನಿಗೆ ನಿಂತರು. 1973ರ ಮ್ಯಾಗ್ಸೆಸೆ ಇಬ್ಬರಿಗೂ ಸೇರಿ ಬಂದದ್ದು ಈ ಕೆಲಸಕ್ಕೇ. ಕಬ್ಬು ಗದ್ದೆಯಲ್ಲಿ ಒಣಗುತ್ತಿದ್ದರೂ ಕಾರ್ಖಾನೆಯವರು ಕಟಿಂಗ್ ಆರ್ಡರ್ ಕೊಡದೆ ಕಾಯಿಸಿದ ವರ್ಷ ನಿಮಗೂ ನೆನಪಿರಬಹುದು. ಕಾರ್ಖಾನೆ ನಮ್ಮದೇ ಆಗಿದ್ದರೆ ಅಂತ ಆಗ ಎಷ್ಟು ಜನ ಅಂದುಕೊಂಡಿರಿ!

ಕೂಲಿಕಾರರ ಪಾಡು ರೈತರಿಗಿಂತ ಕಷ್ಟದ್ದು. 1971ರಲ್ಲಿ ಅಲ್ಲಿ ಸಕ್ಕರೆ ಕಾರ್ಮಿಕರ ಸಂಘ ಶುರುವಾಯಿತು. ಶುರುಮಾಡಿದವರಲ್ಲಿ ಪಾದ್ರಿಗಳೇ ಇದ್ದರು, ಬಿಷಪ್ಪರು ಅವರನ್ನು ತಡೆಯಲಿಲ್ಲ, ಬೆಂಬಲ ಕೊಟ್ಟರು. ಮುಂದಿನ ವರ್ಷವೇ ಅಧ್ಯಕ್ಷ ಮಾರ್ಕೋಸ್ ದೇಶದ ಮೇಲೆ ಸೇನಾ ಕಾನೂನು ಹೇರಿದರು. ಸಂಘ ಅಂದವರೆಲ್ಲ ಕಮ್ಯುನಿಸ್ಟ್ ಬಂಡುಕೋರರು ಅನ್ನೋ ಕಾಲ ಬಂತು. ಬಿಷಪ್ಪರಿಗೂ ಒಂದು ಅಡ್ಡಹೆಸರು ಬಿತ್ತು: ಕಮಾಂಡರ್ ಟೋನಿ. ಕಾಡಿನಲ್ಲಿ ಬಂದೂಕು ಹಿಡಿದವರ ನಾಯಕರನ್ನು ಹಾಗೆ ಕರೆಯುತ್ತಿದ್ದರು. ಇವರ ಕೈಯಲ್ಲಿದ್ದದ್ದು ಬೈಬಲ್. ಆದರೂ ಹೆಸರು ಅಂಟಿಕೊಂಡಿತು.

1974ರಲ್ಲಿ ಒಂದು ವಿಚಿತ್ರ ನಡೆಯಿತು. ಲೋಕದ ಮಾರುಕಟ್ಟೆಯಲ್ಲಿ ಸಕ್ಕರೆ ಬೆಲೆ ಏಕಾಏಕಿ ಏರಿ, ಒಂದು ಪೌಂಡಿಗೆ, ಅಂದರೆ ಅರ್ಧ ಕೆಜಿಗೂ ಕಡಿಮೆಗೆ, 60 ಅಮೆರಿಕನ್ ಸೆಂಟ್ ದಾಟಿತು. ಇನ್ನೂ ಏರುತ್ತೆ ಅಂತ ಸರ್ಕಾರ ಸಕ್ಕರೆ ಹಿಡಿದಿಟ್ಟುಕೊಂಡಿತು. ಏರಲಿಲ್ಲ, ಬಿತ್ತು. ಅಮೆರಿಕದವರು ರಿಯಾಯಿತಿಯಲ್ಲಿ ಕೊಳ್ಳುತ್ತಿದ್ದ ಒಪ್ಪಂದವೂ ಅದೇ ವರ್ಷ ಮುಗಿಯಿತು. ಗೋದಾಮು ತುಂಬಿ, ಶಾಲೆಗಳಲ್ಲಿ, ನೀರಿಲ್ಲದ ಈಜುಕೊಳಗಳಲ್ಲಿ ಸಕ್ಕರೆ ಮೂಟೆ ಪೇರಿಸಿದರು. ಇದನ್ನು ಹೇಳಿದಾಗ ಮಕ್ಕಳಿಗೆ ಖುಷಿಯೋ ಖುಷಿ, ಈಜುಕೊಳದ ತುಂಬ ಸಕ್ಕರೆಯಂತೆ! ಒಬ್ಬ "ಇರುವೆ ಬರಲಿಲ್ವಾ ಮಿಸ್?" ಅಂತ ಕೇಳಿದ. ಒಳ್ಳೆ ಪ್ರಶ್ನೆ, ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಸಕ್ಕರೆ ವ್ಯಾಪಾರವನ್ನೆಲ್ಲ ಸರ್ಕಾರ ಒಂದೇ ಕೈಗೆ ಕೊಟ್ಟಿತು. ಆ ಕೈ ಮಾರ್ಕೋಸರ ಗೆಳೆಯ ರೊಬರ್ಟೊ ಬೆನೆಡಿಕ್ಟೊ ಅವರದ್ದು. ಬೆಳೆದವನಿಗೆ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಅನ್ನೋದೆಲ್ಲ ಅಲ್ಲೇ ತೀರ್ಮಾನ. 1985ಕ್ಕೆ ಬೆಲೆ ಪೌಂಡಿಗೆ 4 ಸೆಂಟ್‌ಗೂ ಕೆಳಗಿಳಿಯಿತು. ಬ್ಯಾಂಕುಗಳು ಬೆಳೆಸಾಲ ನಿಲ್ಲಿಸಿದವು, ಮಾಲೀಕರು ನಾಟಿ ನಿಲ್ಲಿಸಿದರು. ಸತ್ತ ಕಾಲ ವರ್ಷವಿಡೀ ಆಯಿತು. ಕೂಲಿಕಾರರಿಗೆ ತರಕಾರಿ ಹಾಕಿಕೊಳ್ಳೋಕೂ ಜಾಗವಿಲ್ಲ, ಇರೋ ನೆಲದಲ್ಲೆಲ್ಲ ಕಬ್ಬು. ಕಬ್ಬು ತಿಂದು ಬದುಕೋಕಾಗುತ್ತಾ? ಮಕ್ಕಳು ಮೂಳೆ ಚಕ್ಕಳವಾಗಿ ಬಾಕೊಲೋಡಿನ ಆಸ್ಪತ್ರೆಗೆ ಬಂದರು. ಆ ಮಕ್ಕಳ ಫೋಟೊಗಳು ಲೋಕವೆಲ್ಲ ಸುತ್ತಿದವು. ಅವನ್ನು ನಾನು ಗೋಡೆ ಪತ್ರಿಕೆಗೆ ಹಾಕಿಸಲಿಲ್ಲ. ನೆಗ್ರೋಸ್ ಯಾವಾಗ ಬೇಕಾದರೂ ಸಿಡಿಯುವ ಜ್ವಾಲಾಮುಖಿ ಅಂತ ಫೋರ್ಟಿಚ್ ಹೇಳುತ್ತಲೇ ಬಂದಿದ್ದರು. ಅದೇ ವರ್ಷ ಸೆಪ್ಟೆಂಬರ್ 20ರಂದು ಎಸ್ಕಲಾಂತೆ ಅನ್ನೋ ಊರಲ್ಲಿ ಬೀದಿಗೆ ಕೂತು ಪ್ರತಿಭಟಿಸುತ್ತಿದ್ದ ಜನರ ಮೇಲೆ ಸಶಸ್ತ್ರ ಪಡೆಯವರು ಗುಂಡು ಹಾರಿಸಿದರು. 20 ಜನ ಸತ್ತರು.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಜೈಲಿನ ಕಥೆ. ಫೋರ್ಟಿಚ್ ಅವರ ಕೈಕೆಳಗೆ ಬ್ರಿಯಾನ್ ಗೋರ್, ನೀಲ್ ಒ'ಬ್ರಿಯನ್, ವಿಸೆಂತೆ ಡಂಗಾನ್ ಅಂತ ಮೂವರು ಪಾದ್ರಿಗಳಿದ್ದರು. ಒಬ್ಬರು ಆಸ್ಟ್ರೇಲಿಯಾದವರು, ಒಬ್ಬರು ಐರ್ಲೆಂಡಿನವರು, ಡಂಗಾನ್ ಫಿಲಿಪ್ಪೀನ್ಸಿನವರೇ. ಹಳ್ಳಿಗಳಲ್ಲಿ ಕೂಲಿಕಾರರ ಜೊತೆ ಕೆಲಸ ಮಾಡುತ್ತಿದ್ದರು. 1982ರಲ್ಲಿ ಕಬಂಕಲಾನಿನ ಮೇಯರ್ ಕೊಲೆಯಾಯಿತು. ಆರೋಪ ಈ ಮೂವರ ಮೇಲೂ ಇವರ ಜೊತೆಗಿದ್ದ ಆರು ಜನ ಕೆಲಸಗಾರರ ಮೇಲೂ ಬಂತು. ಪಾದ್ರಿಗಳನ್ನು ಜೈಲಿಗೆ ಹಾಕದೆ ಗೃಹಬಂಧನದಲ್ಲಿಟ್ಟರು. ಆ ಆರು ಜನ ಮಾತ್ರ ಜೈಲಿನಲ್ಲಿ. 1984ರ ಜನವರಿಯಲ್ಲಿ ಪಾದ್ರಿಗಳು ತಾವಾಗೇ ಮನೆ ಬಿಟ್ಟು ಆ ಆರು ಜನರ ಜೊತೆ ಬಾಕೊಲೋಡ್ ಜೈಲು ಸೇರಿದರು. ಕ್ಷಮಾದಾನ ಕೊಡುತ್ತೇವೆ ಅಂದಾಗ ಬೇಡ ಅಂದರು. ತಪ್ಪು ಮಾಡದವನು ಕ್ಷಮೆ ಯಾಕೆ ತಗೋಬೇಕು? ಜುಲೈನಲ್ಲಿ ಕೇಸೇ ಬಿದ್ದುಹೋಯಿತು, ಒಂಬತ್ತೂ ಜನ ಹೊರಗೆ ಬಂದರು. ಇಷ್ಟೂ ದಿನ ಬಿಷಪ್ಪರು ಅವರ ಕೈ ಬಿಡಲಿಲ್ಲ.

ಇದಕ್ಕೆ ಬೆಲೆಯನ್ನೂ ತೆತ್ತರು. ಹಳೆಯ ಸ್ನೇಹಿತರು ದೂರವಾದರು. 1985ರಲ್ಲಿ ಅವರಿದ್ದ ಮನೆ ಬೆಂಕಿಗೆ ಸುಟ್ಟುಹೋಯಿತು. 1987ರಲ್ಲಿ ಅವರ ವಾಸದ ಜಾಗಕ್ಕೆ ಗ್ರೆನೇಡ್ ಎಸೆದರು. ಆ ಹೊತ್ತಿಗೆ ಮಾರ್ಕೋಸ್ ದೇಶ ಬಿಟ್ಟು ಓಡಿಹೋಗಿ ವರ್ಷದ ಮೇಲಾಗಿತ್ತು ಅನ್ನೋದನ್ನು ಗಮನಿಸಿ. ಮೇಲಿನವರು ಬದಲಾದ ಮಾತ್ರಕ್ಕೆ ತೋಟದ ಲೆಕ್ಕಾಚಾರ ಬದಲಾಗಿರಲಿಲ್ಲ. 1986ರ ಡಿಸೆಂಬರಿನಲ್ಲಿ ಹೊಸ ಸರ್ಕಾರಕ್ಕೂ ಬಂಡುಕೋರರಿಗೂ 60 ದಿನದ ಕದನವಿರಾಮ ಆದಾಗ, ಅದನ್ನು ನೋಡಿಕೊಳ್ಳುವ ರಾಷ್ಟ್ರೀಯ ಸಮಿತಿಗೆ ಫೋರ್ಟಿಚ್ ಅವರನ್ನೇ ಮುಖ್ಯಸ್ಥರನ್ನಾಗಿ ಕೂರಿಸಿದರು. ಎರಡೂ ಕಡೆಯವರು ಒಪ್ಪುವ ಮನುಷ್ಯ ಬೇಕಿತ್ತಲ್ಲ. 1989ರಲ್ಲಿ ಅವರು ನಿವೃತ್ತರಾದರು, 2003ರಲ್ಲಿ ತೀರಿಕೊಂಡರು.

ಈಗ ಚಪ್ಪಲಿ ಮೆಟ್ಟುತ್ತಾ ಪ್ರಶ್ನೆ ಕೇಳಿದ ಯಜಮಾನರಿಗೆ. ಅಣ್ಣಾ, ನಮ್ಮ ಶಾಲೆಯಲ್ಲಿ ಯಾರಿಗೂ ಯಾವ ಧರ್ಮವನ್ನೂ ಕಲಿಸುತ್ತಿಲ್ಲ. ಬಸವಣ್ಣ, ಬುದ್ಧ, ಗಾಂಧಿ, ಅಂಬೇಡ್ಕರ್ ಎಲ್ಲರೂ ಅದೇ ಗೋಡೆ ಮೇಲೆ ಬಂದು ಹೋಗಿದ್ದಾರೆ. ಮುಂದಿನ ತಿಂಗಳು ಯಾರು ಅಂತ ಮಕ್ಕಳೇ ಆರಿಸುತ್ತಾರೆ. ಈ ತಿಂಗಳು ಮುಗಿಯುವವರೆಗೆ ಬಿಷಪ್ಪರು ಅಲ್ಲೇ ಇರುತ್ತಾರೆ.

ಡೈರಿಯಲ್ಲಿ ಬರೆದ ತಂದೆಯವರಿಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಆತಂಕ ನನಗೆ ಅರ್ಥವಾಗುತ್ತೆ. ಗುಡಾರದಲ್ಲಿ ನೀರಿಲ್ಲ, ಮಕ್ಕಳು ಸ್ನಾನ ಮಾಡದೆ ಬರುತ್ತಾರೆ, ತಲೆಯಲ್ಲಿ ಹೇನಿರುತ್ತೆ. ನಿಜ. ಅದಕ್ಕೆ ನಾನು ಮಾಡಿದ್ದು ಇಷ್ಟು: ಶಾಲೆಯ ತೊಟ್ಟಿಯಿಂದ ಬೆಳಗ್ಗೆ ಒಂಬತ್ತಕ್ಕೇ ನೀರು ಬಿಡುತ್ತೇವೆ, ಸೋಪು ಇಟ್ಟಿದ್ದೇವೆ, ಆರೋಗ್ಯ ಕೇಂದ್ರದ ಸಿಸ್ಟರ್ ಬಂದು ತಲೆ ನೋಡಿ ಔಷಧಿ ಕೊಟ್ಟು ಹೋಗಿದ್ದಾರೆ. ನೋಡಿದ್ದು ಎಲ್ಲ ಮಕ್ಕಳ ತಲೆಯನ್ನೂ. ಯಾರ ಯಾರ ತಲೆಯಲ್ಲಿ ಸಿಕ್ಕವು ಅಂತ ಹೇಳೋಕೆ ಹೋಗಲ್ಲ, ಊರಿನ ಮರ್ಯಾದೆ ಪ್ರಶ್ನೆ.

ಬೆಂಚಿನ ವಿಷಯದಲ್ಲಿ ಮಾತ್ರ ನನ್ನ ಉತ್ತರ ಬದಲಾಗಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಆರರಿಂದ ಹದಿನಾಲ್ಕು ವರ್ಷದ ಮಗು ವರ್ಷದ ಯಾವ ತಿಂಗಳಲ್ಲಿ ಬಂದು ಬಾಗಿಲಲ್ಲಿ ನಿಂತರೂ ಸೇರಿಸಿಕೊಳ್ಳಬೇಕು, ಟಿಸಿ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಸೇರಿಸಿಕೊಂಡ ಮೇಲೆ ಮೂಲೆಯಲ್ಲಿ ಕೂರಿಸೋದು ನನ್ನಿಂದ ಆಗಲ್ಲ. ಪ್ರತಿ ಸೋಮವಾರ ಎಲ್ಲರ ಜಾಗ ಬದಲಾಗುತ್ತೆ, ಬದಲಾಗುತ್ತಲೇ ಇರುತ್ತೆ. ಆ ಮಕ್ಕಳ ಅಪ್ಪ ಅಮ್ಮ ಕಡಿಯುತ್ತಿರೋದು ನಿಮ್ಮ ಗದ್ದೆಯ ಕಬ್ಬನ್ನೇ ಅನ್ನೋದು ನಿಮಗೆ ಗೊತ್ತಿರೋದೇ.

ಕೊನೆಗೆ ಎರಡು ಕೋರಿಕೆ. ನಿಮ್ಮ ಗದ್ದೆಗೆ ಕಟಾವು ತಂಡ ಬಂದಿದ್ದರೆ, ಅದರಲ್ಲಿ ಶಾಲೆಗೆ ಬರುವ ವಯಸ್ಸಿನ ಮಕ್ಕಳು ಎಷ್ಟಿದ್ದಾರೆ ಅಂತ ಒಂದು ಚೀಟಿಯಲ್ಲಿ ಬರೆದು ಕಳಿಸಿ. ಮೇಸ್ತ್ರಿ ಹತ್ತಿರ ನಾನೇ ಮಾತಾಡುತ್ತೇನೆ. ಮನೆಯಲ್ಲಿ ಚಿಕ್ಕದಾದ ಯೂನಿಫಾರಂ, ಅರ್ಧ ಬರೆದ ನೋಟ್‌ಬುಕ್ ಇದ್ದರೆ ಅದನ್ನೂ ಕೊಡಿ. ಹರಿದದ್ದು ಬೇಡ.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಎಂಟನೇ ತರಗತಿಯವರು ಗೋಡೆ ಪತ್ರಿಕೆ ಓದುತ್ತಾರೆ. ಸಕಾಡಾಗಳ ಭಾಗ ಓದುವವನು ಬಳ್ಳಾರಿ ಹುಡುಗ. ಅವನಪ್ಪ ಬರುತ್ತೇನೆ ಅಂದಿದ್ದಾರೆ, ಅವತ್ತು ಅರ್ಧ ದಿನದ ಕೂಲಿ ಬಿಟ್ಟು. ಕೂರೋಕೆ ಕುರ್ಚಿ ಸಾಲಲ್ಲ, ಆಗುವವರು ಮನೆಯಿಂದ ಒಂದೊಂದು ತನ್ನಿ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ