ಮೂವತ್ತು ದಾಟಿದವನ ಕೈಗೂ ಚೆಂಡು ಕೊಟ್ಟು ನೋಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಬಾಸ್ಕೆಟ್‌ಬಾಲ್ ಬಗ್ಗೆ ಒಂದು ಪತ್ರ ಬಂದಿತ್ತು. ನಮ್ಮ ಕಡೆ ಪೇಪರಿನಲ್ಲಿ ಈ ಆಟದ ಹೆಸರು ಕಾಣುವುದೇ ಅಪರೂಪ, ಹಾಗಾಗಿ ಖುಷಿಯಿಂದ ಓದಲು ಕೂತೆ. ಮುಗಿಸುವಷ್ಟರಲ್ಲಿ ಬೇಜಾರಾಯಿತು. ಯುರೋಪಿನಲ್ಲಿ ಹತ್ತು ಹನ್ನೆರಡು ವರ್ಷ ಆಡಿ ವಯಸ್ಸಾದವರನ್ನು ಅಮೆರಿಕದ ಎನ್‌ಬಿಎ ತಂಡಗಳು ಕರೆಸಿಕೊಳ್ಳುವುದು ದುಡ್ಡನ್ನು ತುಂಗಾ ಹೊಳೆಗೆ ಸುರಿದ ಹಾಗೆ ಅಂತ ಆ ಓದುಗರು ಬರೆದಿದ್ದರು. ಹಾಗೆ ಹೋಗಿ ಬಂದ ಟಿಯೊಡೊಸಿಚ್, ವೆಜೆಂಕೊವ್ ಇಬ್ಬರ ಹೆಸರು ಹೇಳಿ ಅಲ್ಲಿಗೇ ತೀರ್ಪು ಕೊಟ್ಟುಬಿಟ್ಟಿದ್ದರು. ನನಗೆ ಅದು ಒಪ್ಪಿಗೆಯಿಲ್ಲ. ಹಾಗೆ ಬಂದವರಲ್ಲಿ ಸೋತವರು ಜಾಸ್ತಿ, ನಿಜ. ಆದರೆ ಸೋತವರ ಕಥೆ ಬಿಡಿಸಿ ನೋಡಿದರೆ, ಬಹಳ ಸಲ ಕರೆಸಿಕೊಂಡ ತಂಡವೇ ಅವರ ಆಟವನ್ನು ಆಡಲು ಬಿಟ್ಟಿಲ್ಲ.

ನಾನು ತೀರ್ಥಹಳ್ಳಿ ಹತ್ತಿರದ ಅಡಿಕೆ ಬೆಳೆಗಾರ. ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಬಾಸ್ಕೆಟ್‌ಬಾಲ್ ಆಡುತ್ತಿದ್ದೆ, ಆ ಹುಚ್ಚು ಈಗಲೂ ಬಿಟ್ಟಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8ಕ್ಕೆ ಶುರುವಾಗುವ ಆಟ ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ ಆರೂವರೆಗೆ ಸಿಗುತ್ತದೆ. ಕೊಟ್ಟಿಗೆ ಕೆಲಸ ಮುಗಿಸಿ ಕಾಫಿ ಹಿಡಿದು ಕೂತರೆ ಸರಿಯಾಗುತ್ತದೆ. ಯುರೋಪಿನ ಕ್ಲಬ್ ತಂಡಗಳ ದೊಡ್ಡ ಟೂರ್ನಿ ಯುರೋಲೀಗ್ ಮಾತ್ರ ಕಷ್ಟ. ಮಧ್ಯರಾತ್ರಿ ದಾಟಿರುತ್ತದೆ, ನಮ್ಮ ಹಳ್ಳಿಯಲ್ಲಿ ಕರೆಂಟು, ನೆಟ್ ಎರಡೂ ಒಟ್ಟಿಗೆ ಇರಬೇಕಲ್ಲ. ಆದರೂ ಆದಷ್ಟು ನೋಡುತ್ತೇನೆ.

ಮೊದಲು ಆ ಓದುಗರು ಹೇಳಿದ್ದರಲ್ಲಿ ನಿಜ ಇರುವಷ್ಟನ್ನು ಒಪ್ಪಿಕೊಳ್ಳುತ್ತೇನೆ. ಮಿಲೋಶ್ ಟಿಯೊಡೊಸಿಚ್ 2017ರಲ್ಲಿ ಲಾಸ್ ಏಂಜಲಿಸ್ ಕ್ಲಿಪ್ಪರ್ಸ್ ಸೇರಿದಾಗ ಆತನಿಗೆ 30 ವರ್ಷ. 2010ರಲ್ಲಿ ಯುರೋಲೀಗ್‌ನ ಅತ್ಯುತ್ತಮ ಆಟಗಾರ, 2016ರಲ್ಲಿ ಮಾಸ್ಕೋದ ಸಿಎಸ್‌ಕೆಎ ಜೊತೆ ಕಪ್ ಎತ್ತಿದವನು. ಎರಡು ವರ್ಷಕ್ಕೆ ಸುಮಾರು 1.2 ಕೋಟಿ ಡಾಲರ್ ಒಪ್ಪಂದ. ಎರಡನೇ ಪಂದ್ಯದಲ್ಲೇ ಅಂಗಾಲು ಕೈಕೊಟ್ಟಿತು. ಆ ಸೀಸನ್‌ನ 82 ಪಂದ್ಯಗಳಲ್ಲಿ ಆಡಿದ್ದು 45 ಮಾತ್ರ. ಮುಂದಿನ ವರ್ಷ ಬಹುಪಾಲು ಬೆಂಚಿನಲ್ಲೇ ಕೂತ, 2019ರ ಫೆಬ್ರವರಿಯಲ್ಲಿ ತಂಡ ಬಿಟ್ಟುಕೊಟ್ಟಿತು. ಮೂವತ್ತರ ಕಾಲಿಗೆ ಅಮೆರಿಕದ ಸೀಸನ್ ಸುಲಭವಲ್ಲ. ಯುರೋಪಿನಲ್ಲಿ ಆಟ 40 ನಿಮಿಷ, ಅಲ್ಲಿ 48. ಇವತ್ತು ಒಂದು ಊರು, ರಾತ್ರಿಯೇ ವಿಮಾನ, ನಾಳೆ ಇನ್ನೊಂದು ಊರು, ಹೀಗೆ ಆರು ತಿಂಗಳೊಳಗೆ 82 ಪಂದ್ಯ. ಮೂರು ಪಾಯಿಂಟ್ ಗೆರೆ ಕೂಡ ದೂರ, ಯುರೋಪಿನಲ್ಲಿ 6.75 ಮೀಟರ್ ಇದ್ದರೆ ಅಲ್ಲಿ ನೇರ ಎದುರಿನಿಂದ 7.24. ಇನ್ನೊಂದು ನಿಯಮ ಇವರನ್ನು ಜಾಸ್ತಿ ಕಾಡುತ್ತದೆ. ಯುರೋಪಿನಲ್ಲಿ ಉದ್ದನೆಯ ಆಟಗಾರನೊಬ್ಬ ಬುಟ್ಟಿಯ ಕೆಳಗೆ ಎಷ್ಟು ಹೊತ್ತಾದರೂ ಕಾವಲು ನಿಲ್ಲಬಹುದು, ಎನ್‌ಬಿಎಯಲ್ಲಿ ಎದುರಾಳಿಯನ್ನು ಕಾಯದೆ 3 ಸೆಕೆಂಡಿಗಿಂತ ಹೆಚ್ಚು ಅಲ್ಲಿ ನಿಲ್ಲುವ ಹಾಗಿಲ್ಲ. ಹಿಂದೆ ಕಾವಲು ಇಲ್ಲ ಅಂದಮೇಲೆ ಮುಂದಿನವನ ಕಾಲು ನಿಧಾನವಾದರೆ ಸಿಕ್ಕಿಬಿದ್ದ ಹಾಗೆಯೇ. ಟಿಯೊಡೊಸಿಚ್‌ನನ್ನು ಎದುರಾಳಿಗಳು ಹುಡುಕಿ ಹುಡುಕಿ ಆತ ಕಾಯುವ ಕಡೆಯಿಂದಲೇ ನುಗ್ಗುತ್ತಿದ್ದರು, ನಾನೇ ನೋಡಿದ್ದೇನೆ.

ಆದರೆ ಆತ ಆಡಿದ ಆ 45 ಪಂದ್ಯಗಳನ್ನೂ ನೋಡಿದ್ದೇನೆ. ಓಡುವ ಹುಡುಗ ಇನ್ನೂ ತಿರುಗಿಯೇ ಇಲ್ಲ, ಅಷ್ಟರಲ್ಲಿ ಚೆಂಡು ಅವನ ಕೈಗೆ ಬಂದು ಬೀಳುತ್ತಿತ್ತು. ಅಲ್ಲಿಂದ ಇಟಲಿಯ ಬೊಲೊನ್ಯಾಗೆ ಹೋಗಿ, 2021ರಲ್ಲಿ ಆ ತಂಡಕ್ಕೆ ದೇಶದ ಚಾಂಪಿಯನ್ ಪಟ್ಟ, 2022ರಲ್ಲಿ ಯುರೋಲೀಗ್‌ನ ಕೆಳಗಿನ ಟೂರ್ನಿ ಯುರೋಕಪ್ ಗೆಲ್ಲಿಸಿದ. ಆಟ ಮುಗಿದವನು ಹಾಗೆ ಗೆಲ್ಲಿಸುತ್ತಾನಾ?

ಈಗ ಅರ್ವಿಡಾಸ್ ಸಬೋನಿಸ್ ಬಗ್ಗೆ ಹೇಳಬೇಕು. ಆ ಓದುಗರು ಈ ಹೆಸರನ್ನೇ ಎತ್ತಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ಲಿಥುವೇನಿಯಾದ ಕೌನಸ್ ಊರಿನವನು, 7 ಅಡಿ 3 ಇಂಚು. ಪೋರ್ಟ್‌ಲ್ಯಾಂಡ್ ತಂಡ 1986ರಲ್ಲೇ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಲ್ಲಿ ಹೊಸಬರನ್ನು ಹೆಸರಿಸುವುದು) ಆರಿಸಿತ್ತು, ಆದರೆ ಆಗ ಸೋವಿಯತ್ ಒಕ್ಕೂಟ, ಕಳಿಸಿಕೊಡಲಿಲ್ಲ. ಅದರ ಆಸುಪಾಸಿನಲ್ಲೇ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದು ಆಪರೇಷನ್ ಆಗಿತ್ತು. ಅದೇ ಕಾಲಿನಲ್ಲಿ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ. ಆಮೇಲೆ ಸ್ಪೇನ್. 1995ರಲ್ಲಿ ರಿಯಲ್ ಮ್ಯಾಡ್ರಿಡ್ ಜೊತೆ ಯುರೋಪಿನ ಕಪ್ ಗೆದ್ದು ಅದೇ ವರ್ಷ ಪೋರ್ಟ್‌ಲ್ಯಾಂಡ್‌ಗೆ ಬಂದಾಗ 30 ವರ್ಷ. ಮಂಡಿ, ಪಾದ ಎಲ್ಲ ಸವೆದುಹೋಗಿತ್ತು. ಎಕ್ಸ್‌ರೇ ನೋಡಿ ಡಾಕ್ಟರೇ ಬೆಚ್ಚಿದರು ಅಂತ ಆಗಿನ ಜನರಲ್ ಮ್ಯಾನೇಜರ್ ಬಾಬ್ ವಿಟ್ಸಿಟ್ ಆಮೇಲೆ ಹೇಳಿಕೊಂಡಿದ್ದಾರೆ. ಇದಕ್ಕಿಂತ ದೊಡ್ಡ ರಿಸ್ಕ್ ಬೇಕಾ?

ಪೋರ್ಟ್‌ಲ್ಯಾಂಡ್ ಮಾಡಿದ್ದು ಸರಳವಾಗಿತ್ತು. ಓಡು ಅಂತ ಆತನಿಗೆ ಹೇಳಲಿಲ್ಲ. ಮೊದಲ ವರ್ಷ ಪಂದ್ಯಕ್ಕೆ ಸುಮಾರು 24 ನಿಮಿಷ ಮಾತ್ರ ಇಳಿಸಿದರು. ಇಳಿಸಿದಷ್ಟು ಹೊತ್ತು ಚೆಂಡು ಆತನ ಕೈಗೆ ಕೊಟ್ಟರು. ಆತ ನಿಂತಲ್ಲೇ ನಿಂತು, ತಲೆಯ ಮೇಲೆ ಚೆಂಡು ಹಿಡಿದು, ಸುತ್ತ ಯಾರು ಯಾವ ಕಡೆ ನುಗ್ಗುತ್ತಾರೆ ಅಂತ ನೋಡಿ ಬೆನ್ನ ಹಿಂದಿನಿಂದ ಪಾಸ್ ಕೊಡುತ್ತಿದ್ದ. ಆ ವರ್ಷ ಸರಾಸರಿ 14.5 ಪಾಯಿಂಟ್, 8.1 ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವುದು). ಎರಡು ವರ್ಷ ಕಳೆದು ಸರಾಸರಿ 16 ಪಾಯಿಂಟ್, 10 ರಿಬೌಂಡ್. ಒಟ್ಟು ಏಳು ಸೀಸನ್ ಆಡಿದ. ತಂಡ 1999 ಮತ್ತು 2000ದಲ್ಲಿ ಪಶ್ಚಿಮ ವಿಭಾಗದ ಫೈನಲ್‌ವರೆಗೂ ಹೋಯಿತು. ಅಂಥ ಕಾಲು ಇಟ್ಟುಕೊಂಡು ಏಳು ಸೀಸನ್! ಇವತ್ತು ಡೆನ್ವರ್‌ನಲ್ಲಿ ಯೋಕಿಚ್ ಆಡುವುದನ್ನು ನೋಡಿ ಬಾಯಿ ಬಿಡುವ ಹುಡುಗರು ಒಂದು ಸಲ ಸಬೋನಿಸ್‌ನ ಹಳೇ ವಿಡಿಯೋ ಹಾಕಿ ನೋಡಬೇಕು.

ಅಡಿಕೆ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲಿ ಕೊಯ್ಲಿಗೆ ಬರುವ ಕೊನೆಗಾರರಲ್ಲಿ ಒಬ್ಬರಿಗೆ ಐವತ್ತರ ಮೇಲೆ ವಯಸ್ಸು. ಹುಡುಗರು ಪ್ರತಿ ಮರವನ್ನೂ ಬುಡದಿಂದ ಹತ್ತುತ್ತಾರೆ. ಇವರು ಒಂದು ಮರ ಹತ್ತಿದರೆ ಅದನ್ನೇ ಬಾಗಿಸಿ ಪಕ್ಕದ ಮರ ಹಿಡಿದು, ಅಲ್ಲಿಂದ ಇನ್ನೊಂದಕ್ಕೆ ದಾಟಿ, ಐದಾರು ಮರ ಮುಗಿಸಿಯೇ ಇಳಿಯುವುದು. ಯಾವ ಮರ ಭಾರ ತಾಳುತ್ತದೆ, ಯಾವುದು ತಾಳುವುದಿಲ್ಲ ಅಂತ ಕೆಳಗೆ ನಿಂತೇ ಹೇಳುತ್ತಾರೆ. ಇಂಥವರನ್ನು ಕರೆಸಿ, ಉದುರಿದ ಅಡಿಕೆ ಹೆಕ್ಕಲು ಕೂರಿಸಿ, ಸಂಜೆ ಹೊತ್ತಿಗೆ "ವಯಸ್ಸಾಯ್ತು, ಇವರಿಂದ ಕೆಲಸ ಸಾಗಲ್ಲ" ಅಂದರೆ ತಪ್ಪು ಯಾರದು?

ಸಾಶಾ ವೆಜೆಂಕೊವ್‌ಗೆ ಸ್ಯಾಕ್ರಮೆಂಟೊದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. 2023ರಲ್ಲಿ ಯುರೋಲೀಗ್‌ನ ಅತ್ಯುತ್ತಮ ಆಟಗಾರ. ಗ್ರೀಸ್‌ನ ಒಲಿಂಪಿಯಾಕೋಸ್ ತಂಡದಲ್ಲಿ ಆತ ಒಂದು ಕಡೆ ನಿಲ್ಲುವವನೇ ಅಲ್ಲ. ಚೆಂಡು ಇನ್ನೊಬ್ಬರ ಕೈಯಲ್ಲಿರುವಾಗ ಕಾವಲಿನ ಸಂದಿಯಲ್ಲಿ ನುಸುಳಿ ಬುಟ್ಟಿ ಹತ್ತಿರ ಪ್ರತ್ಯಕ್ಷ ಆಗುತ್ತಿದ್ದ, ಇಡೀ ತಂಡದ ಪಾಸ್‌ಗಳು ಅದಕ್ಕೆ ಹೊಂದಿಕೊಂಡಿದ್ದವು. ಸ್ಯಾಕ್ರಮೆಂಟೊದಲ್ಲಿ ಬಹಳ ಸಲ ಮೂಲೆಯಲ್ಲಿ ನಿಂತು ಚೆಂಡು ಬಂದರೆ ಎಸೆಯುವುದೇ ಕೆಲಸ. 42 ಪಂದ್ಯ, ಸರಾಸರಿ 12 ನಿಮಿಷ. ಮಧ್ಯದಲ್ಲಿ ಪೆಟ್ಟೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಒಂದೇ ವರ್ಷಕ್ಕೆ ವಾಪಸ್ ಗ್ರೀಸ್‌ಗೆ ಹೋದ.

ವಾಸಿಲಿಯೆ ಮಿಸಿಚ್ ಕಥೆ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಇಸ್ತಾಂಬುಲ್‌ನ ಎಫೆಸ್ ಜೊತೆ 2021, 2022 ಎರಡೂ ವರ್ಷ ಯುರೋಲೀಗ್ ಗೆದ್ದವನು. 2023ರಲ್ಲಿ 29ನೇ ವಯಸ್ಸಿಗೆ ಒಕ್ಲಹೋಮ ಸೇರಿದ. ಅಲ್ಲಿ ಚೆಂಡು ಹಿಡಿದು ಆಡುವವರು ಆಗಲೇ ತುಂಬಿದ್ದರು, ಈತನಿಗೆ ಸಿಕ್ಕಿದ್ದು 12 ನಿಮಿಷ. ಫೆಬ್ರವರಿಯಲ್ಲಿ ಶಾರ್ಲೆಟ್‌ಗೆ ಕಳಿಸಿದರು. ಅಲ್ಲಿ ನಿಮಿಷ ಜಾಸ್ತಿ ಸಿಕ್ಕಿತು, ಚೆಂಡೂ ಸಿಕ್ಕಿತು. ಸರಾಸರಿ 10 ಪಾಯಿಂಟ್ ದಾಟಿತು, ಆರಕ್ಕಿಂತ ಹೆಚ್ಚು ಅಸಿಸ್ಟ್, ಅಂದರೆ ಜೊತೆಯವನು ಬುಟ್ಟಿಗೆ ಹಾಕುವ ಹಾಗೆ ಕೊಟ್ಟ ಪಾಸ್. ಅದೇ ಮನುಷ್ಯ, ಅದೇ ವರ್ಷ, ಅದೇ ಕಾಲುಗಳು. ಶಾರ್ಲೆಟ್ ಸೋಲುತ್ತಿದ್ದ ತಂಡ, ಅಲ್ಲಿ ಅಂಕಿ ಬರುವುದು ಸುಲಭ ಅಂತ ಯಾರಾದರೂ ಹೇಳಬಹುದು. ಇರಬಹುದು. ಆದರೆ ಬೆಂಚಿನಲ್ಲಿ ಕೂತವನಿಗೆ ಅಷ್ಟೂ ಸಿಗುವುದಿಲ್ಲ ಅಲ್ವಾ?

ಚಿಕ್ಕ ಪಾತ್ರ ಕೊಟ್ಟರೂ ನಡೆಯುತ್ತದೆ, ಆ ಪಾತ್ರ ಅವನದೇ ಆಗಿರಬೇಕು ಅಷ್ಟೇ. ಪಾಬ್ಲೊ ಪ್ರಿಜಿಯೋನಿ ಹುಟ್ಟಿದ್ದು ಅರ್ಜೆಂಟೀನಾ, ಪಳಗಿದ್ದು ಸ್ಪೇನ್‌ನಲ್ಲಿ. ಯಾರೂ ಡ್ರಾಫ್ಟ್ ಮಾಡದವನು, 2012ರಲ್ಲಿ 35 ವರ್ಷಕ್ಕೆ ನ್ಯೂಯಾರ್ಕ್ ನಿಕ್ಸ್‌ನಲ್ಲಿ ಹೊಸ ಹುಡುಗನ ಲೆಕ್ಕದಲ್ಲಿ ಸೇರಿದ. ಬುಟ್ಟಿಗೆ ಎಸೆಯಲು ಆತನಿಗೆ ಆತುರವೇ ಇರಲಿಲ್ಲ. ಎದುರಾಳಿ ಗೆರೆಯ ಹೊರಗಿಂದ ಚೆಂಡು ಒಳಗೆ ಎಸೆಯುವಾಗ, ಗಮನ ಬೇರೆ ಕಡೆ ಇರುವವನ ಹಾಗೆ ನಡೆದುಕೊಂಡು ಹೋಗಿ ತಟಕ್ಕನೆ ಕಸಿದುಬಿಡುತ್ತಿದ್ದ. ಆ ವರ್ಷ ನಿಕ್ಸ್ 54 ಪಂದ್ಯ ಗೆದ್ದಿತು. ಎಲ್ಲವೂ ಆತನಿಂದ ಅಂತ ಹೇಳಲ್ಲ. ಆದರೆ ಸೀಸನ್ ಮುಗಿದ ಮೇಲೆ ಕಪ್ಪಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಆತನನ್ನು ಮೊದಲ ಐವರಲ್ಲಿ ಇಳಿಸಿದ್ದು ಸುಮ್ನೆ ಅಲ್ಲ.

ಇಷ್ಟು ಉದ್ದ ಬರೆಯಲು ನನ್ನದೇ ಒಂದು ಕಾರಣವೂ ಇದೆ. ಇಪ್ಪತ್ತೈದು ವರ್ಷದ ಹಿಂದಿನ ಮಾತು. ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ನಮ್ಮ ಕಡೆ ಒಂದು ಟೂರ್ನಿ ನಡೆಯುತ್ತಿತ್ತು, ಸಿಮೆಂಟ್ ಕೋರ್ಟು, ಟ್ಯೂಬ್‌ಲೈಟ್ ಬೆಳಕು, ಮೈ ಕೊರೆಯುವ ಚಳಿ. ನಮ್ಮ ತಂಡಕ್ಕೆ ಭದ್ರಾವತಿಯಿಂದ ಒಬ್ಬ ಹಿರಿಯರನ್ನು ಕರೆಸಿದ್ದೆವು. ಆಗಲೇ 38 ಇರಬೇಕು. ಎಡಗೈ ಆಟ, ಬಲ ಮಂಡಿಗೆ ಯಾವಾಗಲೂ ಬಟ್ಟೆ ಸುತ್ತಿರುತ್ತಿದ್ದರು. ಬಂದ ದಿನವೇ ನಾವು ಹುಡುಗರೆಲ್ಲ ಮಾತಾಡಿಕೊಂಡೆವು, ಇವರು ಓಡುವುದಿಲ್ಲ ಅಂತ. ಅವರನ್ನು ಮೂಲೆಯಲ್ಲಿ ನಿಲ್ಲಿಸಿದೆವು. ಚೆಂಡು ಕೊಡಲಿಲ್ಲ. ತಂಡ ನಡೆಸುತ್ತಿದ್ದವರೂ ಏನೂ ಹೇಳಲಿಲ್ಲ. ಸೆಮಿಫೈನಲ್‌ನಲ್ಲಿ 14 ಪಾಯಿಂಟ್ ಹಿಂದೆ ಬಿದ್ದೆವು, ನಮ್ಮ ಇಬ್ಬರು ಐದು ಫೌಲ್ ಆಗಿ ಹೊರಗೆ ಹೋದರು, ಬೇರೆ ದಾರಿ ಇಲ್ಲದೆ ಚೆಂಡು ಅವರ ಕೈಗೆ ಹೋಯಿತು. ಅವರು ಗಂಟಲು ಎತ್ತಲಿಲ್ಲ. "ನೀನು ಅವನ ಬೆನ್ನ ಹಿಂದೆ ಹೋಗು, ನಾನು ಕೊಡ್ತೇನೆ" ಅಂತ ನನಗೆ ಹೇಳಿದರು. ಹೋದೆ. ಚೆಂಡು ಬಂತು. ಮತ್ತೆ ಹೋದೆ, ಮತ್ತೆ ಬಂತು. ಕೊನೆಯ ಐದು ನಿಮಿಷದಲ್ಲಿ ಅಂತರ ಮೂರಕ್ಕೆ ಇಳಿಯಿತು, ಅಷ್ಟರಲ್ಲಿ ಸೀಟಿ ಊದಿದರು. ಅವರು ಯಾರಿಗೂ ಏನೂ ಅನ್ನದೆ, ಬಸ್ ಚಾರ್ಜನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಮರುವರ್ಷ ಕರೆದರೆ ಬರಲಿಲ್ಲ.

ಹಾಗಾಗಿ ಆ ಓದುಗರಿಗೆ ನನ್ನ ಮಾತು ಇಷ್ಟು. ಎನ್‌ಬಿಎ ತಂಡ ದೊಡ್ಡ ವಯಸ್ಸಿನ ಯುರೋಪ್ ಆಟಗಾರನನ್ನು ತರಲಿ, ಆದರೆ ಮೊದಲು ಕೋಚ್‌ನನ್ನು ಕೂರಿಸಿ ಕೇಳಲಿ, ಇವನ ಕೈಗೆ ಚೆಂಡು ಕೊಡುತ್ತೀಯಾ ಅಂತ. ಇಲ್ಲ ಅಂದರೆ ಅಲ್ಲಿಗೇ ಬಿಡಲಿ, ಆತನಾದರೂ ತನ್ನ ಊರಲ್ಲಿ ಮರ್ಯಾದೆಯಿಂದ ಆಡಿಕೊಂಡಿರುತ್ತಾನೆ. ಹೌದು ಅಂದರೆ ಪಾದ, ಮಂಡಿ ಸರಿಯಾಗಿ ತೋರಿಸಿ, ಒಂದೋ ಎರಡೋ ವರ್ಷಕ್ಕೆ ಒಪ್ಪಂದ ಮಾಡಿ, ದಿನ ಬಿಟ್ಟು ದಿನ ಪಂದ್ಯ ಇರುವಾಗ ಒಂದರಲ್ಲಿ ಕೂರಿಸಿ ಇನ್ನೊಂದರಲ್ಲಿ ಆಡಿಸಲಿ. ಪಕ್ಕದಲ್ಲಿ ಕಲಿಯಲು ಒಬ್ಬ ಚಿಕ್ಕ ಹುಡುಗನನ್ನು ಬಿಡಲಿ. ಲಿಥುವೇನಿಯಾದ ಆಟಗಾರ ಶಾರೂನಾಸ್ ಯಾಸಿಕೆವಿಚಸ್‌ನನ್ನು ಇಂಡಿಯಾನಾ ತಂಡ 2005ರಲ್ಲಿ 29ನೇ ವಯಸ್ಸಿಗೆ ತಂದು, ಎರಡು ಸೀಸನ್ ಕೂಡ ಪೂರ್ತಿ ಇಟ್ಟುಕೊಳ್ಳದೆ ಬೇರೆ ತಂಡಕ್ಕೆ ಕಳಿಸಿತು. ಅದೇ ಮನುಷ್ಯ ಕೋಚ್ ಆಗಿ 2025ರಲ್ಲಿ ಇಸ್ತಾಂಬುಲ್‌ನ ಫೆನರ್‌ಬಾಚೆ ತಂಡಕ್ಕೆ ಯುರೋಲೀಗ್ ಗೆಲ್ಲಿಸಿದ. ಅಂಥ ತಲೆ ಒಂದೂವರೆ ಸೀಸನ್ ಇವರ ತಂಡದಲ್ಲೇ ಇತ್ತಲ್ಲ!

ಈ ವರ್ಷ ಎಳ್ಳಮಾವಾಸ್ಯೆ ಹೊತ್ತಿಗೆ ಆ ಟೂರ್ನಿಯನ್ನು ಮತ್ತೆ ಶುರು ಮಾಡುವ ಮಾತು ನಡೆದಿದೆ. 35 ದಾಟಿದವರು ಬೇಡ ಅಂತ ಕೆಲವರು ಹೇಳುತ್ತಿದ್ದಾರೆ. ನಾನು ಆ ಸಭೆಗೆ ಹೋಗಿ ಬೇಡ ಅನ್ನಬೇಡಿ ಅಂತ ಕೇಳಿಕೊಳ್ಳುತ್ತೇನೆ. ಭದ್ರಾವತಿಯ ಆ ಹಿರಿಯರಿಗೆ ಈಗ ಅರವತ್ತು ದಾಟಿರುತ್ತದೆ. ಈ ಪತ್ರ ಓದಿದ ಆ ಕಡೆಯವರಿಗೆ, ಬಲ ಮಂಡಿಗೆ ಬಟ್ಟೆ ಸುತ್ತಿಕೊಂಡು ಎಡಗೈಯಲ್ಲಿ ಆಡುತ್ತಿದ್ದ ಅವರ ಗುರುತು ಸಿಕ್ಕರೆ ದಯವಿಟ್ಟು ಇದನ್ನು ತೋರಿಸಿ. ನಮ್ಮ ಹುಡುಗರ ಜೊತೆ ಬೆಂಚಿನಲ್ಲಿ ಬಂದು ಕೂರಬೇಕು ಅಂತ ಕೇಳಿಕೊಂಡಿದ್ದೇನೆ ಎಂದು ಹೇಳಿ. ಕರೆದುಕೊಂಡು ಬರಲು ನಾನೇ ಗಾಡಿ ತರುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಓದುಗ