ಒಂದು ಮೇಜು, ಒಂದು ಅಚ್ಚಿನ ಹಾಳೆ

ಆಮ್‌ಸ್ಟರ್‌ಡ್ಯಾಮ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಆರಾಮ. ಚಳಿ ಜಾಸ್ತಿ, ಆದರೆ ಅಮ್ಮ ಕೊಟ್ಟ ಸ್ವೆಟರ್ ಇದೆ, ಚಿಂತೆ ಬೇಡ ಅನ್ನಿ. ಈ ಪತ್ರ ಬರೆಯುತ್ತಿರುವುದು ಒಂದು ಮೇಜಿನ ವಿಷಯಕ್ಕೆ.

ಇಲ್ಲಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಗೋಡೆಗೆ ಒತ್ತಿ ಇಡುವಂಥದ್ದು. ಮರದಲ್ಲಿ ಕೆತ್ತಿ ಚಿನ್ನದ ಲೇಪ ಕೊಟ್ಟಿದ್ದಾರೆ. ರೋಮ್‌ನಲ್ಲಿದ್ದ ಪಿರನೇಸಿ ಎಂಬ ಅಚ್ಚುಚಿತ್ರಗಾರ ಬರೆದ ನಕ್ಷೆಯಂತೆ, ಪೋಪ್ 13ನೇ ಕ್ಲೆಮೆಂಟ್ ಅವರ ಸೋದರನ ಮಗನಿಗಾಗಿ ಮಾಡಿದ್ದು. ಇಂಥವು ಎರಡೇ ಉಳಿದಿವೆ. ಇನ್ನೊಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದೆ.

1769ರಲ್ಲಿ ಪಿರನೇಸಿ ಒಂದು ಚಿತ್ರದ ಪುಸ್ತಕ ಅಚ್ಚು ಹಾಕಿಸಿದ. ಬೆಂಕಿಗೂಡಿನ ಅಲಂಕಾರ, ಗಡಿಯಾರ, ಕುರ್ಚಿ, ಸಾರೋಟು, ಹೊತ್ತು ಒಯ್ಯುವ ಮೇಣೆ ಎಲ್ಲ ಅದರಲ್ಲಿವೆ. ಈ ಮೇಜೂ ಇದೆ, ಯಾರ ಮನೆಯಲ್ಲಿದೆ ಅಂತ ಕೆಳಗೇ ಬರೆದಿದ್ದಾನೆ. ನಾನು ಆ ಹಾಳೆಯ ಚಿತ್ರವನ್ನು ಫೋನಿನಲ್ಲಿ ತೆರೆದು, ಮೇಜಿನ ಮುಂದೆ ಹಿಡಿದು ಬಳ್ಳಿ ಬಳ್ಳಿಯನ್ನೂ ಹೋಲಿಸಿ ನೋಡಿದೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಾಗಲಿಲ್ಲ.

ಅಚ್ಚಿನ ಕೆಲಸ ನಿಮಗೆ ಇಷ್ಟವಾಗುತ್ತೆ ಅಪ್ಪ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಗೀಚಿ ಆಮ್ಲದಲ್ಲಿ ಇಟ್ಟರೆ, ಗೀಚಿದ ಕಡೆ ಮಾತ್ರ ತಾಮ್ರ ತಿಂದುಹೋಗುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಹಾಳೆ ಇಟ್ಟು ಒತ್ತಬೇಕು. ಚಿತ್ರ ಎಡಬಲ ತಿರುಗಿ ಬರುತ್ತದೆ, ಹಾಗಾಗಿ ಅಕ್ಷರವನ್ನೂ ಉಲ್ಟಾ ಬರೆಯಬೇಕು! ಪಿರನೇಸಿಯ ಅಪ್ಪ ಕಲ್ಲು ಕೆಲಸದವರು. ಅವನ ಗೆರೆಗಳಲ್ಲಿ ಉಳಿ ಹಿಡಿದವರ ಮನೆಯ ಗುರುತು ಇದೆ ಅಂತ ನನಗನ್ನಿಸುತ್ತದೆ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಊರು ಪಾಂಪೇಯನ್ನು ಆಗ ಅಗೆಯುತ್ತಿದ್ದ ಕಾಲ. ಯೂರೋಪಿನವರಿಗೆಲ್ಲ ಹಳೆಯ ರೋಮ್, ಗ್ರೀಸ್‌ನ ಮಾದರಿಯೇ ಬೇಕಿತ್ತು. ಗ್ರೀಕರದ್ದೇ ಶ್ರೇಷ್ಠ ಅಂತ ಕೆಲವರು ಹಟ ಹಿಡಿದಾಗ ಪಿರನೇಸಿ ಒಪ್ಪಲಿಲ್ಲ. ಈಜಿಪ್ಟ್, ಎಟ್ರುಸ್ಕನ್ (ರೋಮನ್ನರಿಗೂ ಮುಂಚೆ ಇಟಲಿಯಲ್ಲಿದ್ದವರು), ರೋಮ್, ಎಲ್ಲವನ್ನೂ ಬೆರೆಸಬಹುದು ಅಂದ. ಪುಸ್ತಕದ ಮಾತನ್ನು ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಮೂರರಲ್ಲೂ ಹಾಕಿಸಿದ. ಮೇಜು ಒಂದು ಮನೆಯೊಳಗಿತ್ತು. ಹಾಳೆ ಊರೂರು ಸುತ್ತಿತು.

ಅಪ್ಪ, ನೀವು ಬಾಗಿಲಿಗೆ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸುವ ಹಂಸ, ಬಳ್ಳಿ ಎಲ್ಲ ಕೆತ್ತಿದ ಮೇಲೆ ಹೋಗಿಬಿಡುತ್ತವೆ, ಅಲ್ವಾ? ಬಾಗಿಲು ಯಾರದೋ ಮನೆ ಸೇರುತ್ತದೆ. ಇನ್ನು ಮುಂದೆ ಉಳಿ ಹಾಕುವ ಮುಂಚೆ ತಮ್ಮನ ಕೈಲಿ ಒಂದು ಫೋಟೋ ತೆಗೆಸಿ ನನಗೆ ಕಳಿಸಿ. ಸಾಧ್ಯವಾದರೆ ಒಂದು ದೊಡ್ಡ ಹಾಳೆಯಲ್ಲೂ ಬಿಡಿಸಿಡಿ. ಬಂದಾಗ ನೋಡುತ್ತೇನೆ.

ನಿಮ್ಮ ಮಗಳು